ಮೀಟರ್ ರೂಮಿನ ಕೆಂಪು ಗೆರೆ

ಹೋದ ವರ್ಷ ನಮ್ಮ ಹೌಸಿಂಗ್ ಸೊಸೈಟಿಯ ಖಜಾಂಚಿಯ ಕೆಲಸ ನನ್ನ ತಲೆಗೆ ಬಂತು. ಕುರ್ಲಾ ಪಶ್ಚಿಮದಲ್ಲಿ, ಮಿಠಿ ನದಿಯಿಂದ ಹತ್ತು ನಿಮಿಷದ ನಡಿಗೆಯಲ್ಲಿರುವ ನಾಲ್ಕು ಮಹಡಿಯ ಹಳೆಯ ಕಟ್ಟಡ ನಮ್ಮದು. ಐಟಿ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆದವನಿಗೆ ಇಷ್ಟು ಲೆಕ್ಕ ನೋಡುವುದೇನು ಮಹಾ ಎಂದು ಸಭೆಯಲ್ಲಿ ಎಲ್ಲರೂ ತೀರ್ಮಾನಿಸಿಬಿಟ್ಟರು.

ಕಬ್ಬಿಣದ ಕಪಾಟಿನಲ್ಲಿ ಹಳೆಯ ಫೈಲುಗಳನ್ನು ತಿರುವುತ್ತಿದ್ದಾಗ 2004ರ ಅಕ್ಟೋಬರಿನಲ್ಲಿ ಮಾಡಿಸಿದ ಕಟ್ಟಡದ ವಿಮೆ ಪಾಲಿಸಿ ಸಿಕ್ಕಿತು. ಬೆಂಕಿ, ಸಿಡಿಲು, ಗಲಭೆ ಎಲ್ಲವೂ ಅದರಲ್ಲಿದ್ದವು. ಕೊನೆಯಲ್ಲಿ ಟೈಪು ಮಾಡಿದ ಒಂದು ಸಾಲು: ಬಿರುಗಾಳಿ, ಪ್ರವಾಹ, ಜಲಾವೃತಿ ಹೊರತುಪಡಿಸಿ. ಹಾಗೆ ಬಿಟ್ಟದ್ದಕ್ಕೆ ಪ್ರೀಮಿಯಂನಲ್ಲಿ ಸಾವಿರ ಚಿಲ್ಲರೆ ರೂಪಾಯಿ ಕಡಿತ. ಕೆಳಗೆ ಆಗಿನ ಖಜಾಂಚಿಯ ಸಹಿ. ಅವರು ನಮ್ಮ ಮೊದಲ ಮಹಡಿಯ ಕಾಕಾ, ಈಗ ಎಂಬತ್ತರ ಹತ್ತಿರ. ಆ ಪಾಲಿಸಿಯ ಅವಧಿ ಮುಗಿಯುವ ಮೊದಲೇ 2005ರ ಜುಲೈ 26 ಬಂದಿತ್ತು.

ಆ ಮಂಗಳವಾರ ನಾನು ಮುಂಬಯಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಅಂಧೇರಿಯ ಸೀಪ್ಝ್‌ನಲ್ಲಿ ಕೆಲಸ, ಕಾಲೀನಾದ ಚಾಳಿನ ನೆಲಮಹಡಿಯಲ್ಲಿ ಮೂವರು ಗೆಳೆಯರೊಂದಿಗೆ ಬಾಡಿಗೆ ಕೋಣೆ. ಮಧ್ಯಾಹ್ನ ಆಫೀಸು ಬಿಟ್ಟವನು ಮರೋಳ ದಾಟಲಾಗದೆ ಒಂದು ಶಾಲೆಯ ಮೊದಲ ಮಹಡಿಯಲ್ಲಿ ರಾತ್ರಿ ಕಳೆದೆ. ಮರುದಿನ ಕೋಣೆ ತಲುಪಿದಾಗ ಮಂಚದ ಕೆಳಗಿನ ಟ್ರಂಕಿನಲ್ಲಿ ಎಂ.ಟೆಕ್. ಅಂಕಪಟ್ಟಿಗಳು ಅಂಟಿಕೊಂಡು ಒಂದೇ ಮುದ್ದೆಯಾಗಿದ್ದವು. ನಮ್ಮದು ಅಷ್ಟಕ್ಕೇ ಮುಗಿಯಿತು. ಮಹಾರಾಷ್ಟ್ರದಲ್ಲಿ ಆ ಮಳೆಗೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಸಾಕಿನಾಕಾದಲ್ಲಿ ಗುಡ್ಡ ಕುಸಿದು ಮನೆಗಳ ಮೇಲೆಯೇ ಬಿತ್ತು. ನೀರಿನಲ್ಲಿ ನಿಂತ ಕಾರುಗಳ ಬಾಗಿಲು ತೆರೆಯಲಾಗದೆ ಒಳಗೇ ಉಸಿರುಗಟ್ಟಿ ಸತ್ತವರಿದ್ದರು.

ಆ 24 ಗಂಟೆಗಳಲ್ಲಿ ಸಾಂತಾಕ್ರೂಜ್ ಹವಾಮಾನ ಕೇಂದ್ರ ಅಳೆದ ಮಳೆ 944 ಮಿ.ಮೀ. ಅದೇ ಹೊತ್ತಿನಲ್ಲಿ ದಕ್ಷಿಣದ ಕೊಲಾಬಾದಲ್ಲಿ ಬಿದ್ದದ್ದು ಬರೀ 73. ಮುಳುಗಿದ್ದು ಬಹುಪಾಲು ಉಪನಗರ. 1990ರಲ್ಲಿ ಪ್ರತ್ಯೇಕ ಜಿಲ್ಲೆಯಾದ, ಬಾಂದ್ರಾದಿಂದ ದಹಿಸರ್, ಕುರ್ಲಾದಿಂದ ಮುಲುಂಡ್‌ವರೆಗಿನ ಪ್ರದೇಶ. ನಮ್ಮಂಥ ವಲಸಿಗರು ಬಾಡಿಗೆಗೋ ಸಾಲಕ್ಕೋ ಮನೆ ಹುಡುಕುವುದು ಇಲ್ಲಿಯೇ. ಮಳೆ ಆಕಾಶದ್ದು, ನಿಜ. ಆದರೆ ನೀರು ಎಲ್ಲಿ ನಿಂತಿತು ಎಂಬುದಕ್ಕೆ ಇನ್ನೂರು ವರ್ಷಗಳ ಚರಿತ್ರೆಯಿದೆ.

ಈ ಉಪನಗರ ಹಿಂದೆ ಸಾಷ್ಟಿ ಎಂಬ ದ್ವೀಪ. ಮುಂಬಯಿ ದ್ವೀಪಕ್ಕೂ ಇದಕ್ಕೂ ನಡುವೆ ಮಾಹಿಮ್ ಖಾಡಿ, ಅದರ ಸುತ್ತ ಜೌಗು, ಕಾಂದಳ ಗಿಡ, ಉಪ್ಪಿನ ಆಗರ. 1805ರ ಹೊತ್ತಿಗೆ ಸಾಯನ್‌ನಲ್ಲಿ ಏರಿರಸ್ತೆ ಆಯಿತು. 1845ರಲ್ಲಿ ಮಾಹಿಮ್‌ನಲ್ಲಿ ಇನ್ನೊಂದು. 1860ರಲ್ಲಿ ಕುಡಿಯುವ ನೀರಿಗಾಗಿ ಮಿಠಿಯ ತಲೆಯಲ್ಲೇ ವಿಹಾರ್ ಕೆರೆ ಕಟ್ಟಿದರು. ಕೆರೆ ತುಂಬಿ ಕೋಡಿ ಹರಿದ ನೀರೇ ಮಿಠಿಯಾಗಿ ಸುಮಾರು 18 ಕಿ.ಮೀ. ಹರಿದು ಮಾಹಿಮ್ ಖಾಡಿ ಸೇರುತ್ತದೆ. ದಾರಿಯಲ್ಲಿ ವಿಮಾನ ನಿಲ್ದಾಣಕ್ಕಾಗಿ ನದಿಯನ್ನು ತಿರುಗಿಸಿದರು, ರನ್‌ವೇ ಅದರ ಮೇಲೆಯೇ ಹಾಯ್ದಿದೆ. ಕೆಳಗೆ ನೀರು ಹರಡಿಕೊಳ್ಳುತ್ತಿದ್ದ ಜೌಗಿಗೆ ಮಣ್ಣು ತುಂಬಿ ಬಾಂದ್ರಾ-ಕುರ್ಲಾ ಸಂಕೀರ್ಣ ಎಬ್ಬಿಸಿದರು. ಬೇರೆ ಕಡೆ ಜಾಗ ಸಿಗದ ಬಡವರು ದಂಡೆಗುಂಟ ಗುಡಿಸಲು ಕಟ್ಟಿದರು. ಪ್ರವಾಹದ ನಂತರ ಬೈಸಿಕೊಂಡವರು ಹೆಚ್ಚಾಗಿ ಕೊನೆಯವರು.

ನನ್ನೂರು ಕುಮಟಾದ ಹತ್ತಿರ. ಅಘನಾಶಿನಿಯ ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಸಮುದ್ರದ ಉಬ್ಬರಕ್ಕೆ ನಮ್ಮಲ್ಲಿ ಭರತ ಎನ್ನುತ್ತಾರೆ. ಭರತದ ಹೊತ್ತಿಗೆ ಒಡ್ಡಿನ ಬಾಗಿಲು ಮುಚ್ಚಬೇಕು, ಇಳಿತಕ್ಕೆ ತೆರೆಯಬೇಕು. ಆ ಬೇಸಾಯದ ಅರ್ಧ ವಿದ್ಯೆ ಅದೇ. ಆದರೆ 2005ರಲ್ಲಿ ಸಮುದ್ರಕ್ಕೆ ಬಾಯ್ತೆರೆದ ಮುಂಬಯಿಯ ಮಳೆಚರಂಡಿಗಳಲ್ಲಿ ಬಹುಪಾಲಿಗೆ ಬಾಗಿಲೇ ಇರಲಿಲ್ಲ. ಆ ಚರಂಡಿಗಳು ಗಂಟೆಗೆ 25 ಮಿ.ಮೀ. ಮಳೆಗೆಂದು, ಅದೂ ಇಳಿತದ ಹೊತ್ತಿನ ಲೆಕ್ಕಕ್ಕೆ ಮಾಡಿದವು. ಅಂದು ಮಧ್ಯಾಹ್ನ ಒಂದೇ ಗಂಟೆಯಲ್ಲಿ 190 ಮಿ.ಮೀ. ಸುರಿಯಿತು. ನಾಲ್ಕು ಗಂಟೆಯ ಸುಮಾರಿಗೆ ನಾಲ್ಕೂವರೆ ಮೀಟರಿನ ಭರತ. ಊರೊಳಗಿನ ನೀರಿಗೆ ಹೋಗಲು ದಾರಿಯಿರಲಿಲ್ಲ. ಈ ಸಾಮರ್ಥ್ಯವನ್ನು ಇಮ್ಮಡಿ ಮಾಡಿ, ಪಂಪಿಂಗ್ ಸ್ಟೇಷನ್ ಕಟ್ಟಿ ಎಂದು ಹೇಳಿದ ವರದಿ 1993ರಲ್ಲೇ ಬಂದಿತ್ತು. ಹನ್ನೆರಡು ವರ್ಷ ಅದರ ಬಹುಭಾಗ ಕಾಗದದಲ್ಲೇ ಉಳಿಯಿತು. ಪ್ರವಾಹವಾದ ಮೇಲೆ ಮಾಧವ ಚಿತಳೆ ಸಮಿತಿ ಕುಳಿತಿತು, ಮಿಠಿ ಪ್ರಾಧಿಕಾರ ಹುಟ್ಟಿತು, ಪಂಪುಗಳು ಬರತೊಡಗಿದವು.

ಇನ್ನು ವಿಮೆಯ ಕಥೆ. ಕಾಕಾ ಮಾಡಿದ್ದು ತಪ್ಪು ಕೆಲಸವೇನಲ್ಲ, ನಿಯಮದಲ್ಲೇ ಇದ್ದ ಅನುಕೂಲ. ಆಗ ಅಗ್ನಿವಿಮೆಯ ದರ ದೇಶಕ್ಕೆಲ್ಲ ಒಂದೇ ಟ್ಯಾರಿಫ್‌ನಿಂದ ನಿಗದಿಯಾಗುತ್ತಿತ್ತು. ಪ್ರವಾಹವನ್ನು ಬಿಟ್ಟರೆ ರಿಯಾಯಿತಿ ಕೊಡಲು ಅದರಲ್ಲಿ ಅವಕಾಶವಿತ್ತು. 2007ರ ಜನವರಿಯಲ್ಲಿ ಆ ಟ್ಯಾರಿಫ್ ಪದ್ಧತಿ ಹೋಯಿತು. ಅದರ ಒಂದು ವಿಚಿತ್ರವನ್ನು ಮಾತ್ರ ನೆನಪಿಡಬೇಕು. ಭೂಕಂಪದ ದರ ವಲಯಕ್ಕೆ ತಕ್ಕಂತೆ ಬದಲಾಗುತ್ತಿತ್ತು. ಪ್ರವಾಹಕ್ಕೆ ಅಂಥ ವಲಯವೇ ಇರಲಿಲ್ಲ. ಮಿಠಿಯ ದಂಡೆಯೂ ಮಲಬಾರ್ ಹಿಲ್ಲಿನ ತುದಿಯೂ ಆ ಪಟ್ಟಿಯ ಕಣ್ಣಿಗೆ ಒಂದೇ. ಮಹಾರಾಷ್ಟ್ರದ ಸೊಸೈಟಿಗಳ ಮಾದರಿ ಉಪವಿಧಿಯೂ ಕಟ್ಟಡಕ್ಕೆ ಬೆಂಕಿ ಮತ್ತು ಭೂಕಂಪದ ವಿಮೆ ಕಡ್ಡಾಯ ಎನ್ನುತ್ತದೆ, ನೀರಿನ ಹೆಸರೆತ್ತುವುದಿಲ್ಲ.

ಅಮೆರಿಕದಲ್ಲಿ 1968ರಿಂದ ಸರ್ಕಾರದ್ದೇ ಪ್ರವಾಹ ವಿಮೆ ಯೋಜನೆಯಿದೆ. ನೀರು ಬರುವ ಜಾಗಗಳ ನಕ್ಷೆಯಿದೆ, ಅಪಾಯದ ವಲಯದಲ್ಲಿ ಗೃಹಸಾಲ ಬೇಕಾದರೆ ಸಾಮಾನ್ಯವಾಗಿ ಈ ವಿಮೆಯೂ ಬೇಕು. ಆ ಯೋಜನೆ ಸಾಲದಲ್ಲಿ ಮುಳುಗಿದೆ, ಅದೇನೂ ಆದರ್ಶವಲ್ಲ. ಆದರೂ ಮನೆ ಕೊಳ್ಳುವವನಿಗೆ ಇಲ್ಲಿ ನೀರು ಬರುತ್ತದೆ ಎಂದು ಒಂದು ಕಾಗದವಾದರೂ ಹೇಳುತ್ತದೆ. ನಾನು 2012ರಲ್ಲಿ ಈ ಫ್ಲ್ಯಾಟು ಕೊಂಡಾಗ ನನ್ನ ಕೈಸೇರಿದ ಕಾಗದಗಳ ಕಟ್ಟಿನಲ್ಲಿ ಅಂಥದ್ದು ಒಂದೂ ಇರಲಿಲ್ಲ.

ಈಗ ಸ್ಥಿತಿ ಸ್ವಲ್ಪ ಸುಧಾರಿಸಿದೆ. 2021ರ ಏಪ್ರಿಲ್ 1ರಿಂದ ಬಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಮನೆ ಪಾಲಿಸಿಯಲ್ಲಿ ಪ್ರವಾಹ ಸೇರಿಕೊಂಡೇ ಇರುತ್ತದೆ. ಕಟ್ಟಡಕ್ಕೆ ಮಾಡಿಸಿದರೆ ಮನೆಸಾಮಾನಿಗೂ ಅದರ ಶೇಕಡಾ 20ರಷ್ಟು, 10 ಲಕ್ಷದ ಮಿತಿಯೊಳಗೆ, ರಕ್ಷಣೆ ತಾನಾಗಿ ಬರುತ್ತದೆ. ಲೆಕ್ಕ ಹಿಡಿಯುವುದು ಮಾರುಕಟ್ಟೆಯ ಬೆಲೆಯನ್ನಲ್ಲ, ಮತ್ತೆ ಕಟ್ಟುವ ಖರ್ಚನ್ನು. ಹಾಗಾಗಿ ಪ್ರೀಮಿಯಂ ನಾವು ಹೆದರುವಷ್ಟು ಇರುವುದಿಲ್ಲ. ಬಾಡಿಗೆಯಲ್ಲಿರುವವರು ಸಾಮಾನಿಗಷ್ಟೇ ಮಾಡಿಸಬಹುದು. ಕಾರಿನದು ಬೇರೆ ಸಂಗತಿ. ಕಾನೂನು ಕೇಳುವ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ನಿಮ್ಮ ಗಾಡಿಗೆ ನೀರು ಹೊಕ್ಕರೆ ಏನೂ ಸಿಗದು. ಪೂರ್ಣ ವಿಮೆ ಇದ್ದರೂ, ನಿಂತ ನೀರಿನಲ್ಲಿ ಕೀಲಿ ತಿರುಗಿಸಿ ಎಂಜಿನ್ ಕೆಡಿಸಿಕೊಂಡರೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಇಲ್ಲದಿದ್ದಲ್ಲಿ ಕ್ಲೇಮು ತಿರಸ್ಕಾರವಾಗುವುದೇ ಹೆಚ್ಚು.

ಆದರೆ ವಿಮೆ ಕಾಗದ ಇದ್ದವರಿಗೆ. ಕಾಲೀನಾದಲ್ಲಿ ನಮಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದ ಕುಂದಾಪುರದ ಅಣ್ಣನಿಗೆ ಲೈಸೆನ್ಸೂ ಇರಲಿಲ್ಲ, ಪಾಲಿಸಿಯೂ ಇರಲಿಲ್ಲ. ಗ್ರೈಂಡರ್, ಫ್ರಿಜ್, ಅಕ್ಕಿ ಮೂಟೆ ಎಲ್ಲ ಹೋದವು. ಯಾರು ಎಷ್ಟು ಬಾಕಿ ಎಂದು ಬರೆದಿಟ್ಟ ಖಾತೆ ಪುಸ್ತಕವೂ ಹೋಯಿತು. ನಾವು ನೆನಪಿನ ಮೇಲೆ ನಮ್ಮ ನಮ್ಮ ಬಾಕಿ ಹೇಳಿ ಕೊಟ್ಟೆವು. ಎಲ್ಲರೂ ಕೊಟ್ಟರೆಂದು ಹೇಳಲಾರೆ. ದಸರೆಗೆ ಮೊದಲೇ ಅಣ್ಣ ಅಂಗಡಿ ಮುಚ್ಚಿ ಪುಣೆಯ ಭಾವನ ಹೋಟೆಲಿಗೆ ಕೆಲಸಕ್ಕೆ ಹೋದ.

ನಮ್ಮ ಕಟ್ಟಡ ಈಗ ಪುನರ್ನಿರ್ಮಾಣಕ್ಕೆ ಹೋಗುವುದಿದೆ. ಹೇಗೂ ಕೆಡವುತ್ತಾರೆ, ಇನ್ನೆರಡು ವರ್ಷಕ್ಕೆ ವಿಮೆ ಏಕೆ ಎಂದು ಸಭೆಯಲ್ಲಿ ಮಾತು ಬಂತು. ನಿಜ ಹೇಳಬೇಕೆಂದರೆ, ಆ ಖರ್ಚು ಉಳಿಸುವ ಟಿಪ್ಪಣಿಯನ್ನು ಸಿದ್ಧಮಾಡಿಕೊಂಡು ಬಂದವನು ನಾನೇ. ಹಳೆಯ ಪಾಲಿಸಿ ನೋಡಿದ ಮೇಲೂ! ಇಪ್ಪತ್ತು ವರ್ಷದಲ್ಲಿ ಒಮ್ಮೆ ಬಂದದ್ದು ಈ ಎರಡು ವರ್ಷದಲ್ಲಿ ಬರಲಾರದು ಎಂಬ ಲೆಕ್ಕ.

ಆಗ ಕಾಕಾ ಎದ್ದು ನಿಂತು, “ಅವತ್ತು ಸಾವಿರ ರೂಪಾಯಿ ಉಳಿಸಿದೆನೆಂದು ಇದೇ ಸಭೆಯಲ್ಲಿ ಚಪ್ಪಾಳೆ ತಟ್ಟಿದ್ದಿರಿ” ಎಂದರು. ಆಮೇಲೆ ಎಲ್ಲರನ್ನೂ ಮೀಟರ್ ರೂಮಿಗೆ ಕರೆದೊಯ್ದರು. ಗೋಡೆಯ ಮೇಲೆ ಎಣ್ಣೆ ಬಣ್ಣದ ಒಂದು ಕೆಂಪು ಗೆರೆ. ನೀರು ಇಳಿದ ವಾರ ಅವರೇ ಎಳೆದದ್ದಂತೆ. ಹದಿಮೂರು ವರ್ಷ ಅದನ್ನು ನೋಡುತ್ತಲೇ ಇದ್ದೆ, ಎಲೆಕ್ಟ್ರಿಷಿಯನ್ ಹಾಕಿದ ಗುರುತು ಎಂದುಕೊಂಡಿದ್ದೆ. ಬಿಲ್ಡರ್ ಕಳಿಸಿದ ಹೊಸ ನಕ್ಷೆಯಲ್ಲಿ ಮೀಟರುಗಳೂ ನೀರಿನ ಪಂಪುಗಳೂ ಬೇಸ್‌ಮೆಂಟಿನಲ್ಲಿದ್ದವು.

ಟೇಪು ತಂದು ಅಳೆದೆವು. ರಸ್ತೆಯ ಮಟ್ಟದಿಂದ ನಾಲ್ಕು ಅಡಿ ಏಳು ಇಂಚು. ವಿಮೆಯನ್ನು ಕಟ್ಟಡ ಬೀಳುವವರೆಗೂ ಮುಂದುವರಿಸುವುದು, ಹೊಸ ಕಟ್ಟಡದಲ್ಲಿ ಮೀಟರು, ಪಂಪು ಆ ಎತ್ತರಕ್ಕಿಂತ ಮೇಲೇ ಇರಬೇಕು ಎಂದು ನಡಾವಳಿ ಪುಸ್ತಕದಲ್ಲಿ ಮರಾಠಿಯಲ್ಲಿ ಬರೆದೆ. ಸೂಚಕರು ಎಂಬಲ್ಲಿ ಕಾಕಾ ಸಹಿ ಹಾಕಿದರು. 2004ರ ಪಾಲಿಸಿಯ ಸಹಿಗಿಂತ ಅಕ್ಷರ ನಡುಗಿದೆ, ಆದರೆ ಓದಲು ಬರುತ್ತದೆ.