ಶುಚಿಕೊಠಡಿಯಲ್ಲಿ ಉಳಿದ ಜೀವ

ತೀವ್ರ ಪರಿಸರದ ಸೂಕ್ಷ್ಮಜೀವಿಗಳು ಬಿಸಿನೀರಿನ ಬುಗ್ಗೆ, ಉಪ್ಪಿನ ಸರೋವರಗಳಿಗಷ್ಟೇ ಸೀಮಿತವಲ್ಲ. ಮನುಷ್ಯನೇ ನಿರ್ಮಿಸಿದ ಅತಿಶುಚಿಯಾದ ಕೊಠಡಿಗಳಲ್ಲೂ ಅವು ಉಳಿಯುತ್ತವೆ. ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ, ಬಾಹ್ಯಾಕಾಶ ನೌಕೆಗಳನ್ನು ಜೋಡಿಸುವೆಡೆ ದೊರೆತ ‘ಬ್ಯಾಸಿಲಸ್ ಪ್ಯುಮಿಲಸ್ ಎಸ್‌ಎಎಫ್‌ಆರ್-032’ ಅಂಥದ್ದು. ಸೂಕ್ಷ್ಮಜೀವಿಗಳನ್ನು ಕೊಲ್ಲಲು ಬಳಸುವ ನೇರಳಾತೀತ ಕಿರಣವನ್ನೂ ಹೈಡ್ರೋಜನ್ ಪೆರಾಕ್ಸೈಡನ್ನೂ ಇದರ ಬೀಜಕಗಳು ಅಸಾಧಾರಣವಾಗಿ ತಾಳಿಕೊಳ್ಳುತ್ತವೆ.

ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜು ಹಾಗೂ ಹ್ಯೂಸ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳಿದ್ದ ತಂಡವು 2007ರಲ್ಲಿ ಇದರ ಜೀನೋಮನ್ನು ಪ್ರಕಟಿಸಿತು. ಸಂಬಂಧಿಯಾದ ಬ್ಯಾಸಿಲಸ್ ಸಬ್‌ಟಿಲಿಸ್‌ನಲ್ಲಿ ಪೆರಾಕ್ಸೈಡ್ ನಿರೋಧಕ್ಕೆ ನೆರವಾಗುವ ಕೆಲವು ಜೀನ್‌ಗಳೇ ಇದರಲ್ಲಿಲ್ಲವೆಂಬುದು ಅಚ್ಚರಿಯ ಸಂಗತಿ. ಮುಂದೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ 18 ತಿಂಗಳು ಇರಿಸಿದಾಗ, ಸೂರ್ಯಕಿರಣದ ಮರೆಯಲ್ಲಿದ್ದ ಬೀಜಕಗಳು ಬದುಕುಳಿದವು.

ನಾಳೆ ಮಂಗಳದಲ್ಲಿ ಜೀವದ ಕುರುಹು ಸಿಕ್ಕರೆ, ಅದು ಅಲ್ಲಿಯದೋ ನಾವೇ ಹೊತ್ತೊಯ್ದದ್ದೋ ಎಂಬುದನ್ನು ಬಗೆಹರಿಸಲು ಇಂಥ ಜೀವಿಗಳ ಪರಿಚಯ ಅನಿವಾರ್ಯ.