ತೆಂಗಿನ ಸೀಮೆಯ ಹಳೆಯ ಕೇರಿಗಳಲ್ಲಿ ವಾಸ ಮತ್ತು ಬಂಡವಾಳ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಆರ್ಥಿಕ ಇತಿಹಾಸವನ್ನು ವಿವರಿಸುವಾಗ ನಾವು ಕೆರೆಯಿಂದ ತೋಟಕ್ಕೂ ತೋಟದಿಂದ ಪೇಟೆಗೂ ನಡೆಯುತ್ತೇವೆ. ಮನೆಯನ್ನು ಮಾತ್ರ ದಾಟಿಹೋಗುತ್ತೇವೆ. ಮನೆಯೆಂಬುದು ಗಳಿಸಿದ ಹಣವನ್ನು ವೆಚ್ಚಮಾಡುವ ಸ್ಥಳವೇ ಹೊರತು ಹಣವನ್ನು ಹುಟ್ಟಿಸುವ ಸ್ಥಳವಲ್ಲವೆಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು. ಈ ಸೀಮೆಯ ಮಟ್ಟಿಗೆ ಆ ಭಾವನೆ ಸಾಧುವಲ್ಲ. ಇಲ್ಲಿಯ ಹಳೆಯ ಕೇರಿಗಳಲ್ಲಿ ಮನೆಗೆ ಬೆಲೆ ಬಂದುದು ಗೋಡೆ ತೊಲೆಗಳಿಂದಲ್ಲ, ಅದರೊಡನೆ ಹೊಂದಿಕೊಂಡಿದ್ದ ಆದಾಯದ ಮಾರ್ಗದಿಂದ.

ಮೊದಲು ತುರುವೇಕೆರೆಯನ್ನು ನೋಡಬಹುದು. ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ, ಎಂದರೆ ಕ್ರಿ. ಶ. ೧೩ನೆಯ ಶತಮಾನದ ಉತ್ತರಾರ್ಧದಲ್ಲಿ, ಇದು ಅಗ್ರಹಾರವಾಗಿತ್ತು. ಚೆನ್ನಿಗರಾಯನ ಗುಡಿಯೂ, ಇರುವ ಸ್ಥಳವನ್ನು ಹೆಸರಿನಲ್ಲಿಯೇ ಹೊತ್ತಿರುವ ಮೂಲೆ ಶಂಕರೇಶ್ವರನ ಗುಡಿಯೂ ಆ ಕಾಲದವು. ಅಗ್ರಹಾರದ ಏರ್ಪಾಡು ವಾಚಕರಿಗೆ ಪರಿಚಿತವೇ. ಗ್ರಾಮದ ಉತ್ಪನ್ನವನ್ನು ಗೊತ್ತಾದ ಸಂಖ್ಯೆಯ ವೃತ್ತಿಗಳಾಗಿ ವಿಂಗಡಿಸಿ ಮಹಾಜನರಿಗೆ ಹಂಚುತ್ತಿದ್ದರು. ವೃತ್ತಿವಂತನ ಮನೆ ಆ ವೃತ್ತಿಯ ಆಶ್ರಯದಲ್ಲಿಯೇ ನಿಲ್ಲುತ್ತಿತ್ತು. ವೃತ್ತಿಯನ್ನು ಭಾಗಮಾಡಬಹುದಾಗಿತ್ತು, ಅರ್ಧ ವೃತ್ತಿ, ಕಾಲು ವೃತ್ತಿಗಳೂ ಕನ್ನಡ ಶಾಸನಗಳಲ್ಲಿ ಕಾಣಬರುತ್ತವೆ. ಕೆಲವು ಶಾಸನಗಳು ಇಂಥ ಸ್ವತ್ತನ್ನು ದಾನ, ಆಧಿ, ಕ್ರಯಗಳಿಗೆ ಯೋಗ್ಯವೆಂದು ಹೇಳಿದರೆ, ಮತ್ತೆ ಕೆಲವು ಹೊರಗಿನವರಿಗೆ ಪರಭಾರೆಮಾಡಕೂಡದೆಂದು ವಿಧಿಸುತ್ತವೆ. ಈ ಎರಡು ವಿಧಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಂಗತಿ ತಿಳಿಯಾಗುತ್ತದೆ: ಸ್ವತ್ತು ಮಾರಾಟಕ್ಕೆ ಒದಗುವ ವಸ್ತುವಾಗಿತ್ತು, ಆದರೆ ಕೊಳ್ಳುವವನು ಯಾರೆಂಬುದರಲ್ಲಿ ಕೇರಿಗೆ ಮಾತಿತ್ತು.

ಧರ್ಮಶಾಸ್ತ್ರವೂ ಇದಕ್ಕೆ ದೂರವಾಗಿಲ್ಲ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ತನ್ನ ‘ಮಿತಾಕ್ಷರಾ’ದಲ್ಲಿ, ಭೂಮಿ ಕೈಬದಲಾಗಬೇಕಾದರೆ ಗ್ರಾಮದವರು, ಜ್ಞಾತಿಗಳು, ಸುತ್ತಣವರು, ದಾಯಾದರು ಇವರ ಅನುಮತಿ ಇರಬೇಕೆಂಬ ಸ್ಮೃತಿವಚನವನ್ನು ಚರ್ಚಿಸುತ್ತಾನೆ. ಗ್ರಾಮದ ಅನುಮತಿ ವ್ಯವಹಾರವು ಎಲ್ಲರಿಗೂ ಪ್ರಕಟವಾಗಲೆಂದು, ಸುತ್ತಣವರ ಅನುಮತಿ ಎಲ್ಲೆಯ ವಿವಾದ ಹುಟ್ಟದಿರಲೆಂದು ಆತನ ವಿವರಣೆ. ಇಂದಿಗೂ ಕ್ರಯಪತ್ರದಲ್ಲಿ ಚೆಕ್ಕುಬಂದಿ ಬರೆಯುವಾಗ ನಾಲ್ಕು ದಿಕ್ಕಿನ ನೆರೆಯವರ ಹೆಸರು ಬರುತ್ತದೆಯಷ್ಟೆ. ನೆರೆಯನ್ನು ಹೇಳದೆ ಮನೆಯನ್ನು ಗುರುತಿಸಲು ನಮ್ಮ ಪತ್ರ ಬರೆಯುವವರಿಗೆ ಈಗಲೂ ಬಾರದು.

ಇದನ್ನು ಹೊಗಳಿಕೆಯಾಗಿ ಹೇಳುತ್ತಿಲ್ಲ. ವೃತ್ತಿಯ ಭೂಮಿಯನ್ನು ಉತ್ತು, ಮರಗಳಿಗೆ ನೀರು ಹಾಯಿಸಿದ ಒಕ್ಕಲಿಗೆ ಆ ಕೇರಿಯಲ್ಲಿ ಮನೆ ಕೊಳ್ಳುವ ಹಣ ಒದಗಿದರೂ ಹಕ್ಕು ಒದಗುತ್ತಿರಲಿಲ್ಲ. ಬೆಲೆಯನ್ನು ಕಾಪಾಡಿದ ಕಟ್ಟುಪಾಡೂ ಜನರನ್ನು ಹೊರಗಿಟ್ಟ ಕಟ್ಟುಪಾಡೂ ಒಂದೇ. ಮೈಸೂರು ಸಂಸ್ಥಾನದ ವೈಯಕ್ತಿಕ ಮತ್ತು ಸಂಕೀರ್ಣ ಇನಾಮುಗಳ ರದ್ದಿಯಾತಿ ಕಾಯಿದೆ (೧೯೫೪) ಅಲ್ಲಿಯವರೆಗೆ ಉಳಿದುಬಂದಿದ್ದ ಇಂಥ ಇನಾಮುಗಳಲ್ಲಿ ಭೂಮಿಯನ್ನೂ ಮನೆಯನ್ನೂ ಬೇರ್ಪಡಿಸಿತು. ಮನೆ ಒಡೆಯನಲ್ಲಿಯೇ ಉಳಿಯಿತು, ಭೂಮಿಯ ಮೇಲೆ ಸಾಗುವಳಿದಾರನ ಹಕ್ಕು ಮಾನ್ಯವಾಯಿತು. ಮುಂದೆ ೧೯೭೪ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಗೇಣಿಯನ್ನೇ ನಿಲ್ಲಿಸಿತು. ಕಾಫಿ, ಟೀ, ರಬ್ಬರು, ಏಲಕ್ಕಿ ಮೊದಲಾದವಕ್ಕೆ ಆ ಕಾಯಿದೆಯಲ್ಲಿ ದೊರೆತ ವಿನಾಯಿತಿ ತೆಂಗಿಗೆ ದೊರೆಯಲಿಲ್ಲವೆಂಬುದನ್ನು ಈ ಸೀಮೆಯ ಇತಿಹಾಸಕಾರರು ಮರೆಯಬಾರದು. ಇಡೀ ಬಾಳನ್ನು ಒಂದೇ ಕೇರಿಯಲ್ಲಿ ಹೂಡಿದ್ದ ಮನೆತನಗಳಿಗೆ ಉಳಿದುದು ಜಗಲಿ, ಕಂಬ, ಹೆಂಚು. ಒಕ್ಕಲಿಗೆ ಬಂದುದು ತೋಟ.

ತಿಪಟೂರಿನ ಕಥೆ ಬೇರೆ. ಹಿಂದೆ ತಾಲ್ಲೂಕಿನ ಕಸಬೆ ಹೊನ್ನವಳ್ಳಿ. ೧೮೮೪ರಲ್ಲಿ ಬೆಂಗಳೂರಿನಿಂದ ಗುಬ್ಬಿಯವರೆಗೂ, ೧೮೮೯ರಲ್ಲಿ ಮುಂದೆ ಹರಿಹರದವರೆಗೂ ರೈಲುಹಾದಿ ತೆರೆಯಿತು. ತಿಪಟೂರು ಆ ಹಾದಿಯ ಮೇಲೆ ಬಿದ್ದಿತು, ಹೊನ್ನವಳ್ಳಿ ಬೀಳಲಿಲ್ಲ. ತುರುವೇಕೆರೆಗೆ ರೈಲು ಬಾಣಸಂದ್ರದವರೆಗೆ ಮಾತ್ರ; ಹಾಗಲವಾಡಿಯ ನಾಯಕರ ಹೆಸರನ್ನು ಹೊತ್ತ ಚಿಕ್ಕನಾಯಕನಹಳ್ಳಿಗೆ ಅದೂ ಇಲ್ಲ. ಆದುದರಿಂದ ಮೂರು ತಾಲ್ಲೂಕುಗಳ ಕೊಬ್ಬರಿ ತಿಪಟೂರಿನ ಪೇಟೆಗೆ ಹರಿಯಿತು, ಕೊಬ್ಬರಿಯ ಹಣವೂ ಅಲ್ಲಿಯೇ ನಿಂತಿತು.

ಈ ಕೊಬ್ಬರಿಯ ಸ್ವಭಾವವನ್ನು ತಿಳಿಯದೆ ಇಲ್ಲಿಯ ಮನೆಯ ಬೆಲೆ ತಿಳಿಯದು. ಕರಾವಳಿಯಲ್ಲಿ ಕಾಯಿಯನ್ನು ಒಡೆದು ಒಣಗಿಸಿ ಎಣ್ಣೆಗೆ ಕಳುಹಿಸುವರು. ಇಲ್ಲಿ ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಡುವರು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗುಡುಗುಡು ಸದ್ದುಮಾಡಿದಾಗ ಸುಲಿದು ಉಂಡೆ ಕೊಬ್ಬರಿಯನ್ನು ತೆಗೆಯುವರು. ಅಟ್ಟಕ್ಕೆ ಗಾಳಿ ಬೇಕು, ತೇವ ತಾಗಬಾರದು, ಕೆಳಗೆ ಕಾವಲಿಗೆ ಜನ ವಾಸವಾಗಿರಬೇಕು. ಅಟ್ಟವುಳ್ಳವನು ಧಾರಣೆಯನ್ನು ನೋಡಿಕೊಂಡು ಕಾಯಬಲ್ಲ. ಇಲ್ಲದವನು ಕಾಯಿಯನ್ನು ಕಿತ್ತ ಕೂಡಲೆ ಬಂದ ಬೆಲೆಗೆ ಕೊಡಬೇಕು, ಇಲ್ಲವೆ ಮಂಡಿಯವನಲ್ಲಿ ಮುಂಗಡ ಹಿಡಿಯಬೇಕು. ಎಂದಮೇಲೆ ಒಂದು ವರ್ಷದ ಫಸಲನ್ನು ಹೊರಬಲ್ಲ ತೊಲೆಗಳ ಮನೆಯನ್ನು ಕಟ್ಟಿದವನನ್ನು ಆಡಂಬರಕ್ಕೆ ಹಣ ಸುರಿದವನೆಂದು ಬಗೆಯುವುದು ತಪ್ಪಾಗುತ್ತದೆ. ಅವನು ಕಾಲವನ್ನು ಕೊಂಡಿದ್ದನು. ಪೇಟೆಯ ಹಳೆಯ ಬೀದಿಯಲ್ಲಿ ಮಂಡಿಯೂ ವಾಸವೂ ಒಂದೇ ಸೂರಿನಡಿ ಇದ್ದುದಕ್ಕೆ ಇದೇ ಅರ್ಥ.

ಈ ಜೋಡಣೆಯೂ ಸಡಿಲವಾಗಿದೆ. ಕೃಷಿ ಉತ್ಪನ್ನ ಮಾರುಕಟ್ಟೆಯ ಶಾಸನಗಳು, ಮುಖ್ಯವಾಗಿ ೧೯೬೬ರ ಕಾಯಿದೆ, ತೂಕವನ್ನೂ ಹರಾಜನ್ನೂ ಮಾರುಕಟ್ಟೆಯ ಪ್ರಾಂಗಣಕ್ಕೆ ಒಯ್ದವು. ಬೆಳೆಗಾರನಿಗೆ ಅದರಿಂದಾದ ಉಪಕಾರವನ್ನು ಅಲ್ಲಗಳೆಯಲಾಗದು, ಆದರೆ ಮನೆಯ ಮುಂಭಾಗದ ಮಂಡಿ ತನ್ನ ಹಳೆಯ ಮಹತ್ವವನ್ನು ಕಳೆದುಕೊಂಡಿತು. ಹಾಗಿದ್ದೂ ಹಳೆಯ ಬೀದಿಯ ನಿವೇಶನಕ್ಕೆ ಬೆಲೆ ಇಳಿಯದೆ ಇರುವುದೇಕೆ? ಶಾಲೆ, ಆಸ್ಪತ್ರೆ, ಹೆದ್ದಾರಿಗಳ ಸಾಮೀಪ್ಯ ಒಂದು ಕಾರಣ. ಭೂಮಿತಿಯ ಕಾನೂನು ತೋಟದಲ್ಲಿ ಹಣ ಹೂಡುವುದಕ್ಕೆ ಎಲ್ಲೆ ಹಾಕಿದ ಮೇಲೆ ತೆಂಗಿನ ಹಣ ಊರೊಳಗಿನ ನಿವೇಶನಗಳತ್ತ ತಿರುಗಿರಬೇಕೆಂಬುದು ನನ್ನ ಊಹೆ. ನೋಂದಣಿಯ ದಾಖಲೆಗಳನ್ನು ವರ್ಷವಾರು ಪರಿಶೀಲಿಸುವ ವಿದ್ಯಾರ್ಥಿ ಇದನ್ನು ಸ್ಥಿರಪಡಿಸಬಹುದು ಅಥವಾ ತಳ್ಳಿಹಾಕಬಹುದು.

ಅಟ್ಟದ ಬಲಕ್ಕೂ ಮಿತಿಯುಂಟು. ೨೦೨೩ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ ೧೧,೭೫೦ ರೂಪಾಯಿ. ತಿಪಟೂರಿನ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. ಧಾರಣೆ ಏರುವುದೆಂದು ಕಾಯಿಯನ್ನು ತಿಂಗಳುಗಟ್ಟಲೆ ಮೇಲಿಟ್ಟು ಕಾದವರು ಆ ವರ್ಷ ಖರೀದಿ ಕೇಂದ್ರಗಳ ಮುಂದೆಯೂ ಕಾಯಬೇಕಾಯಿತು.