ಮಹಾರಾಜರ ತಂಡದಲ್ಲಿ ಧಾರವಾಡದ ಬಾಲೂ

ಭಾರತದ ಕ್ರಿಕೆಟ್ ನಿಯಂತ್ರಣ ಮಂಡಳಿ ಹುಟ್ಟಿದ್ದು 1928ರಲ್ಲಿ. ಅದಕ್ಕೂ 17 ವರ್ಷ ಮೊದಲೇ, 1911ರಲ್ಲಿ, 'ಅಖಿಲ ಭಾರತ' ಎಂಬ ಹೆಸರಿನ ತಂಡವೊಂದು ಇಂಗ್ಲೆಂಡ್ ಪ್ರವಾಸ ಮಾಡಿತ್ತು. ಮಂಡಳಿಯೇ ಇಲ್ಲದ ಆ ಕಾಲದಲ್ಲಿ ಹಡಗಿನ ಟಿಕೆಟ್ಟಿಗೆ, ಊಟ ವಸತಿಗೆ ಹಣ ಎಲ್ಲಿಂದ ಬರಬೇಕು? 1886 ಮತ್ತು 1888ರಲ್ಲಿ ಮುಂಬಯಿಯ ಪಾರ್ಸಿಗಳು ಸ್ವಂತ ಖರ್ಚಿನಲ್ಲಿ ಇಂಗ್ಲೆಂಡಿಗೆ ಹೋಗಿ ಆಡಿ ಬಂದಿದ್ದರು. 1911ರ ತಂಡಕ್ಕೂ ರಾಜರು, ಉದ್ಯಮಪತಿಗಳೇ ಆಸರೆಯಾದರು.

ಪಟಿಯಾಲದ 19 ವರ್ಷದ ಮಹಾರಾಜ ಭೂಪಿಂದರ್ ಸಿಂಗ್ ನಾಯಕರಾದರು. ಉಳಿದವರ ಆಯ್ಕೆ ಧರ್ಮದ ಲೆಕ್ಕದಲ್ಲಿ ನಡೆಯಿತು: ಆರು ಪಾರ್ಸಿಗಳು, ಐವರು ಹಿಂದೂಗಳು, ಮೂವರು ಮುಸ್ಲಿಮರು. ಮೈಸೂರು ಸಂಸ್ಥಾನದಿಂದ ಬಿ. ಜಯರಾಂ ಇದ್ದರು. ಹಿಂದೂಗಳ ಪೈಕಿ ಇನ್ನಿಬ್ಬರು ಅಣ್ಣತಮ್ಮಂದಿರು, ಪಳವಣಕರ್ ಬಾಲೂ ಮತ್ತು ಶಿವರಾಂ.

ಬಾಲೂ ಹುಟ್ಟಿದ್ದು ಧಾರವಾಡದಲ್ಲಿ, ಅಸ್ಪೃಶ್ಯವೆನಿಸಿದ್ದ ಚಮ್ಮಾರ ಕುಟುಂಬದಲ್ಲಿ. ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಪಿಚ್ ಹದಗೊಳಿಸುವ ಕೆಲಸ ಮಾಡುತ್ತಲೇ, ದೊರೆಗಳ ಬ್ಯಾಟಿಂಗ್ ಅಭ್ಯಾಸಕ್ಕೆ ಚೆಂಡೆಸೆಯುತ್ತ ಎಡಗೈ ಸ್ಪಿನ್ ಕಲೆಯನ್ನು ಪಳಗಿಸಿಕೊಂಡರು. ಪುಣೆಯ ಹಿಂದೂಗಳು ತಮ್ಮ ತಂಡಕ್ಕೆ ಸೇರಿಸಿಕೊಂಡರಾದರೂ ಚಹಾ ವೇಳೆಯಲ್ಲಿ ಮಡಿ ಬಿಡಲಿಲ್ಲ. ಉಳಿದವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಬಟ್ಟಲು, ಬಾಲೂಗೆ ಹೊರಗೆ ಮಣ್ಣಿನ ಕುಡಿಕೆ! ಅವರ ಕೈಯಿಂದ ಬಂದ ಚೆಂಡಿಗೆ ಮಾತ್ರ ಮೈಲಿಗೆ ಇರಲಿಲ್ಲ.

ಇಂಗ್ಲೆಂಡಿನಲ್ಲಿ ಮಹಾರಾಜರು ಕೆಲವೇ ಪಂದ್ಯ ಆಡಿ ತಂಡದಿಂದ ದೂರವಾದರು. ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕವೂ ಅದೇ ಜೂನ್‌ನಲ್ಲಿತ್ತು. 23 ಪಂದ್ಯಗಳಲ್ಲಿ ತಂಡ 15ನ್ನು ಸೋತಿತು, ಗೆದ್ದದ್ದು ಆರನ್ನು ಮಾತ್ರ. ಈ ಸೋಲುಗಳ ನಡುವೆಯೂ ಎದ್ದು ಕಂಡವರು ಬಾಲೂ. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನಿಂಗ್ಸಿನಲ್ಲಿ 103 ರನ್ನಿಗೆ ಎಂಟು ವಿಕೆಟ್ ಉರುಳಿಸಿದರು. ಲೀಸ್ಟರ್‌ಶೈರ್ ವಿರುದ್ಧದ ಗೆಲುವಿನಲ್ಲಿ 11 ವಿಕೆಟ್ ಅವರವೇ. ಪ್ರವಾಸದಲ್ಲಿ ಗಳಿಸಿದ ಒಟ್ಟು ವಿಕೆಟ್ 114. ಆಗ ಅವರಿಗೆ ವಯಸ್ಸು ಮೂವತ್ತೈದರ ಆಸುಪಾಸು.

ಮರಳಿ ಬಂದಾಗ ಮುಂಬಯಿಯಲ್ಲಿ ದಲಿತ ಸಮುದಾಯ ಅವರನ್ನು ಸನ್ಮಾನಿಸಿತು. ಆದರೆ ಹಿಂದೂ ತಂಡದ ನಾಯಕತ್ವ ಬಾಲೂಗೆ ಕೊನೆಗೂ ದಕ್ಕಲಿಲ್ಲ. 1923ರಲ್ಲಿ ಅದು ಅವರ ತಮ್ಮ ವಿಠ್ಠಲ್‌ಗೆ ಸಿಕ್ಕಿತು. 1937ರ ಚುನಾವಣೆಯಲ್ಲಿ ಬಾಲೂ ಡಾ. ಅಂಬೇಡ್ಕರ್ ವಿರುದ್ಧ ಸ್ಪರ್ಧಿಸಿ ಸೋತರು. 1955ರಲ್ಲಿ ತೀರಿಕೊಂಡರು.

ಸಿರಿವಂತರ ಹಣ ತಂಡವನ್ನು ಕಡಲಾಚೆಗೆ ಮುಟ್ಟಿಸಿತು ನಿಜ. ಅಲ್ಲಿ ಅದರ ಮಾನ ಉಳಿಸಿದ್ದು ಮಾತ್ರ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದಿದ್ದ ಧಾರವಾಡ ಮೂಲದ ಬೌಲರ್.